ಕೊಟ್ಟಿಗೆಯ ಕಂಬಗಳ ನಡುವೆ ಹುಟ್ಟಿದ ಯಂತ್ರ

ರಸ್ತೆ ಬದಿಯಲ್ಲಿ ಮಣ್ಣು ಅಗೆದು ತುಂಬುವ ಹಳದಿ ಯಂತ್ರ ಯಾವ ಕಂಪನಿಯದೇ ಆಗಿರಲಿ, ನಾವು ಅದನ್ನು ‘ಜೇಸಿಬಿ’ ಎಂದೇ ಕರೆಯುತ್ತೇವೆ. ಅದು ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲಿಷ್ ಉದ್ಯಮಿಯ ಹೆಸರಿನ ಮೊದಲಕ್ಷರಗಳ ಜೋಡಣೆ. ಏಳು ಟನ್ನಿಗೂ ಹೆಚ್ಚು ತೂಗುವ ಆ ಯಂತ್ರದ ಜೊತೆಗೆ, ನಗರದ ಕಾಮಗಾರಿಗಳಲ್ಲಿ ಇನ್ನೊಂದು ಪುಟ್ಟ ಯಂತ್ರವನ್ನೂ ನೀವು ನೋಡಿರಬಹುದು. ಎತ್ತರ ಒಂದು ಆಳಿಗಿಂತ ತುಸು ಹೆಚ್ಚು, ಅಗಲ ಒಂದೂವರೆ ಮೀಟರಿನ ಆಸುಪಾಸು. ಸ್ಟೀರಿಂಗ್ ಚಕ್ರವಿಲ್ಲ. ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗುತ್ತದೆ. ಇದರ ಹೆಸರು ಸ್ಕಿಡ್-ಸ್ಟೀರ್ ಲೋಡರ್. ಕೆಲಸಗಾರರ ಬಾಯಲ್ಲಿ ಹೆಚ್ಚಾಗಿ ‘ಬಾಬ್‌ಕ್ಯಾಟ್’. ಇದು ಹುಟ್ಟಿದ್ದು ರಸ್ತೆ ಕೆಲಸಕ್ಕಾಗಿ ಅಲ್ಲ, ಕೋಳಿಗೊಬ್ಬರ ಬಾಚುವುದಕ್ಕಾಗಿ.

ಸೌದೆ, ಗೊಬ್ಬರ, ಜಲ್ಲಿ, ಹಿಮ ಮುಂತಾದವನ್ನು ದಿನನಿತ್ಯ ಎತ್ತಿ ಸಾಗಿಸಬೇಕಾದ ಸಣ್ಣ ಹಿಡುವಳಿದಾರನಿಗೆ ಯಾವ ಯಂತ್ರ ಸರಿ? ಅಮೆರಿಕ, ಯೂರೋಪುಗಳ ಹಳ್ಳಿಗಾಡಿನಲ್ಲಿ ಇದು ದೊಡ್ಡ ಚರ್ಚೆಯ ವಿಷಯ. ಮಾರಾಟಗಾರರು ಅಶ್ವಶಕ್ತಿಯ ಲೆಕ್ಕ ಹೇಳುತ್ತಾರೆ. ನನಗೆ ಕಾಣುವಂತೆ ಉತ್ತರ ಅಲ್ಲಿಲ್ಲ, ಈ ಯಂತ್ರಗಳ ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ಅರಿಯಲು ಶಾಲೆಯ ಸನ್ನೆಯ ಪಾಠ ಸಾಕು.

ಸೌದೆಯ ತೂಕ

ಮೊದಲು ಎತ್ತಬೇಕಾದ ಭಾರ ಎಷ್ಟೆಂದು ನೋಡೋಣ. ಅಮೆರಿಕದಲ್ಲಿ ಸೌದೆಯನ್ನು ‘ಕಾರ್ಡ್’ ಎಂಬ ಅಳತೆಯಲ್ಲಿ ಮಾರುತ್ತಾರೆ. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು, ಅಂದರೆ 128 ಘನ ಅಡಿ ಅಥವಾ ಸುಮಾರು 3.6 ಘನ ಮೀಟರ್. ಇದರಲ್ಲಿ ಸುಮಾರು ಮೂರನೆಯ ಒಂದು ಭಾಗ ಸೀಳುಗಳ ನಡುವಿನ ಗಾಳಿ. ಆದರೂ ಹಸಿ ಗಟ್ಟಿಮರದ ಒಂದು ಕಾರ್ಡ್ ಸುಮಾರು 2 ಟನ್ ತೂಗುತ್ತದೆ. ಚಳಿ ದೇಶದ ಮನೆಯೊಂದಕ್ಕೆ ಒಂದು ಚಳಿಗಾಲಕ್ಕೆ ಇಂಥ ಹಲವು ಕಾರ್ಡುಗಳು ಬೇಕು. ಮರ ಬಿದ್ದ ಜಾಗದಿಂದ ಒಲೆಯ ಬಾಯಿಗೆ ಬರುವಷ್ಟರಲ್ಲಿ ಪ್ರತಿಯೊಂದು ತುಂಡನ್ನೂ ಐದಾರು ಸಲ ಎತ್ತಿ ಇಳಿಸಬೇಕಾಗುತ್ತದೆ ಎಂಬುದನ್ನು ನೆನಪಿಡಿ.

ಸೀಳುವ ಮುನ್ನ ದಿಮ್ಮಿಯ ಲೆಕ್ಕ ಬೇರೆ. 40 ಸೆಂ.ಮೀ. ವ್ಯಾಸ, 2.4 ಮೀ. ಉದ್ದದ ಓಕ್ ದಿಮ್ಮಿಯ ಗಾತ್ರವನ್ನು ನೀವೇ ಕಂಡುಹಿಡಿಯಿರಿ: ಸುಮಾರು 0.3 ಘನ ಮೀಟರ್. ಹಸಿ ಓಕ್ ಮರದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಆದ್ದರಿಂದ ತೂಕ ಸುಮಾರು 300 ಕಿ.ಗ್ರಾಂ. ಈ 300 ಕಿ.ಗ್ರಾಂ. ದಿಮ್ಮಿಯನ್ನು ಕೈಯಲ್ಲಿಟ್ಟುಕೊಂಡೇ ಮುಂದೆ ಹೋಗೋಣ.

ಚಕ್ರ ಎಲ್ಲಿರಬೇಕು?

ಭಾರ ಸಾಗಿಸುವ ಅತಿ ಸಣ್ಣ ಯಂತ್ರ ತಳ್ಳುಗಾಡಿ. ಚೀನಾದಲ್ಲಿ ಹಾನ್ ಅರಸರ ಕಾಲದಲ್ಲೇ ಇದು ಬಳಕೆಯಲ್ಲಿತ್ತು. ಯೂರೋಪಿನಲ್ಲಿ ಕಾಣಿಸಿಕೊಂಡದ್ದು ಅದಾದ ಸಾವಿರ ವರ್ಷಗಳ ನಂತರ, ಕ್ರಿ.ಶ. 12-13ನೆಯ ಶತಮಾನದಲ್ಲಿ. ಎರಡಕ್ಕೂ ಒಂದೇ ಚಕ್ರ, ಆದರೆ ಅದು ಇರುವ ಜಾಗ ಬೇರೆ. ಯೂರೋಪಿನ ಗಾಡಿಯಲ್ಲಿ ಚಕ್ರ ಮುಂದಿನ ತುದಿಯಲ್ಲಿದೆ, ಭಾರ ನಡುವೆ, ಕೈ ಹಿಂದೆ. ಇದು ಎರಡನೆಯ ವರ್ಗದ ಸನ್ನೆ. ಭಾರ 60 ಕಿ.ಗ್ರಾಂ. ಇದ್ದು ಅದು ಚಕ್ರದಿಂದ 0.4 ಮೀ. ದೂರದಲ್ಲಿದ್ದರೆ, 1.2 ಮೀ. ದೂರದ ಹಿಡಿಯನ್ನು ಹಿಡಿದ ಕೈಗೆ 20 ಕಿ.ಗ್ರಾಂ. ಬೀಳುತ್ತದೆ. ಚೀನಾದ ಪ್ರಸಿದ್ಧ ಮಾದರಿಯಲ್ಲಿ ದೊಡ್ಡ ಚಕ್ರ ನಟ್ಟನಡುವೆ ಇದೆ, ಭಾರ ಅದರ ಎರಡೂ ಮಗ್ಗುಲಿಗೆ. ಕೈಗೆ ಬೀಳುವ ತೂಕ ಅತ್ಯಲ್ಪ. ಆದರೆ ಸಮತೋಲ ಕಾಯುವ ಕೆಲಸವೆಲ್ಲ ತಳ್ಳುವವನದು. ಭಾರ ಹೊರುವುದಕ್ಕೂ ಸಮತೋಲಕ್ಕೂ ನಡುವಿನ ಈ ಚೌಕಾಶಿ ಮುಂದೆ ಎಂಜಿನ್ ಬಂದ ಮೇಲೂ ತಪ್ಪಲಿಲ್ಲ.

ನಮ್ಮ ಹಿರಿಯರು ಬಳಸಿದ ಏತವನ್ನು ನೆನಪಿಸಿಕೊಳ್ಳಿ. ಏತದ ಮರದ ಮೇಲೆ ಒಬ್ಬ ಆಳು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದ. ತುಂಬಿದ ಬಾನಿ ಮೇಲೇಳುತ್ತಿದ್ದುದು ಅವನ ತೋಳಿನ ಬಲದಿಂದಲ್ಲ, ಆನಿಕೆಯಿಂದ ಅವನು ಎಷ್ಟು ದೂರ ನಿಂತ ಎಂಬುದರಿಂದ. ಲೋಡರ್ ಎಂದರೆ ಚಕ್ರಗಳ ಮೇಲಿಟ್ಟ ಏತವೇ. ಮುಂದಿನ ಅಚ್ಚು ಆನಿಕೆ, ಬಕೆಟ್ ಬಾನಿ, ಹಿಂದಿರುವ ಎಂಜಿನ್ ಆ ಆಳು.

ರಾತ್ಸೆಯ ಸೋದರರು

1956ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ರಾತ್ಸೆ ಎಂಬ ಪುಟ್ಟ ಊರಿನಲ್ಲಿ ಲೂಯಿಸ್ ಕೆಲ್ಲರ್ ಮತ್ತು ಸಿರಿಲ್ ಕೆಲ್ಲರ್ ಎಂಬ ಅಣ್ಣತಮ್ಮಂದಿರು ವೆಲ್ಡಿಂಗ್ ಮತ್ತು ರಿಪೇರಿ ಅಂಗಡಿ ನಡೆಸುತ್ತಿದ್ದರು. ಅವರ ಬಳಿ ಟರ್ಕಿ ಕೋಳಿ ಸಾಕುತ್ತಿದ್ದ ಎಡ್ಡಿ ವೆಲೊ ಎಂಬ ರೈತ ಬಂದ. ಅವನ ಕೊಟ್ಟಿಗೆ ಎರಡಂತಸ್ತಿನದು, ಒಳಗೆಲ್ಲ ಕಂಬಗಳು. ಟ್ರಾಕ್ಟರ್ ಕಂಬಗಳ ನಡುವೆ ತಿರುಗುತ್ತಿರಲಿಲ್ಲ, ಮೇಲಂತಸ್ತಿನ ನೆಲ ಅದರ ಭಾರ ತಡೆಯುತ್ತಿರಲಿಲ್ಲ. ಗೊಬ್ಬರವನ್ನು ಸಲಿಕೆಯಲ್ಲೇ ಬಾಚಬೇಕಿತ್ತು. ಅವನಿಗೆ ಬೇಕಾದದ್ದು ಹೆಚ್ಚು ಶಕ್ತಿಯ ಯಂತ್ರವಲ್ಲ, ಹಗುರವಾದ, ಕಂಬವನ್ನು ಸುತ್ತಿ ಬರಬಲ್ಲ ಯಂತ್ರ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯನ್ನು ಶಕ್ತಿ ಹೆಚ್ಚುತ್ತಾ ಹೋದ ಕಥೆಯಂತೆ ಹೇಳುತ್ತೇವೆ. ಇಲ್ಲಿ ನಡೆದದ್ದು ಅದಕ್ಕೆ ತಿರುಗುಮುರುಗು.

ಕೆಲ್ಲರ್ ಸೋದರರು 1957ರ ಫೆಬ್ರವರಿ 4ರಂದು ತಮ್ಮ ಮೊದಲ ಯಂತ್ರವನ್ನು ವೆಲೊಗೆ ಒಪ್ಪಿಸಿದರು. ಅದಕ್ಕೆ ಮೂರೇ ಚಕ್ರ. ಮುಂದಿನ ಎರಡು ಎಂಜಿನ್ನಿನಿಂದ ನಡೆಯುವಂಥವು. ಹಿಂದಿನದು ಕಚೇರಿಯ ಕುರ್ಚಿಯ ಕಾಲಿಗಿರುವಂಥ, ಎತ್ತ ಬೇಕಾದರೂ ತಿರುಗುವ ಗಾಲಿ. ಎಡ ಚಕ್ರವನ್ನು ಮುಂದಕ್ಕೂ ಬಲ ಚಕ್ರವನ್ನು ಹಿಂದಕ್ಕೂ ನಡೆಸಿದರೆ ಯಂತ್ರ ನಿಂತಲ್ಲೇ ಬಲಕ್ಕೆ ತಿರುಗುತ್ತದೆ. ಎತ್ತಿನ ಗಾಡಿಯನ್ನು ತಿರುಗಿಸುವಾಗ ಒಂದು ಎತ್ತನ್ನು ಹಿಡಿದು ನಿಲ್ಲಿಸಿ ಇನ್ನೊಂದನ್ನು ಹೊಡೆಯುವುದಿಲ್ಲವೇ? ತತ್ತ್ವ ಅದೇ. ಮೊದಲ ಯಂತ್ರದಲ್ಲಿ ಬೆಲ್ಟು ಮತ್ತು ರಾಟೆಗಳ ಏರ್ಪಾಡಿತ್ತು. ಅದರಿಂದ ತೃಪ್ತರಾಗದ ಸೋದರರು ಎರಡೂ ಬದಿಯ ಚಕ್ರಗಳನ್ನು ಬೇರೆಬೇರೆಯಾಗಿ ಹಿಂದೆ ಮುಂದೆ ನಡೆಸಬಲ್ಲ ಕ್ಲಚ್ ವ್ಯವಸ್ಥೆಯನ್ನು ರೂಪಿಸಿ ಪೇಟೆಂಟ್ ಪಡೆದರು. ಅವರ ನಿಜವಾದ ಆವಿಷ್ಕಾರ ಇದು.

ನೆಂಟರೊಬ್ಬರ ಮೂಲಕ ಸುದ್ದಿ ಪಕ್ಕದ ನಾರ್ತ್ ಡಕೋಟ ರಾಜ್ಯದ ಗ್ವಿನ್ನರ್ ಊರಿನಲ್ಲಿ ಕೃಷಿ ಉಪಕರಣ ತಯಾರಿಸುತ್ತಿದ್ದ ಮೆಲ್ರೋ ಕಂಪನಿಗೆ ಮುಟ್ಟಿತು. 1958ರ ಮಿನ್ನೆಸೋಟ ರಾಜ್ಯ ಜಾತ್ರೆಯಲ್ಲಿ ಮೆಲ್ರೋ ಮಳಿಗೆಯಲ್ಲಿ ಯಂತ್ರವನ್ನು ಪ್ರದರ್ಶಿಸಲಾಯಿತು. ಜನ ಮುಗಿಬಿದ್ದು ನೋಡಿದರು. ಮೆಲ್ರೋ ಹಕ್ಕು ಪಡೆದು ಕೆಲ್ಲರ್ ಸೋದರರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. ಅದೇ ವರ್ಷ ಎಂ-60 ಎಂಬ ಮಾದರಿ ಹೊರಬಂತು. ಗೊಬ್ಬರ, ಕೆಸರಿನ ಜಾರುನೆಲದಲ್ಲಿ ಎರಡೇ ಚಾಲಕ ಚಕ್ರಗಳ ಹಿಡಿತ ಸಾಲುತ್ತಿರಲಿಲ್ಲ. ಆದ್ದರಿಂದ 1960ರ ಎಂ-400 ಮಾದರಿಯಲ್ಲಿ ಹಿಂದಿನ ಗಾಲಿ ಹೋಗಿ ಇನ್ನೊಂದು ಜೊತೆ ಚಾಲಕ ಚಕ್ರಗಳು ಬಂದವು. ನಾಲ್ಕೂ ಚಕ್ರ ನಡೆಯುವ ಮೊದಲ ಸ್ಕಿಡ್-ಸ್ಟೀರ್ ಇದೇ. 1962ರ ಎಂ-440 ಮಾದರಿಗೆ ಅಲ್ಲಿಯ ಕಾಡುಬೆಕ್ಕಿನ ಹೆಸರಾದ ‘ಬಾಬ್‌ಕ್ಯಾಟ್’ ಅಂಟಿಕೊಂಡಿತು.

ಜಾರಿಕೊಂಡೇ ತಿರುಗುವುದು

ನಾಲ್ಕು ಚಕ್ರಗಳಾದ ಮೇಲೆ ಒಂದು ಹೊಸ ತೊಡಕು ಬಂತು. ಯಾವ ಚಕ್ರವೂ ಕಾರಿನ ಮುಂಚಕ್ರದಂತೆ ಓರೆಯಾಗುವುದಿಲ್ಲ. ಹಾಗಿದ್ದರೆ ಯಂತ್ರ ತಿರುಗುವುದು ಹೇಗೆ? ಕೆಲವು ಚಕ್ರಗಳು ನೆಲದ ಮೇಲೆ ಅಡ್ಡಡ್ಡಲಾಗಿ ಉಜ್ಜಿಕೊಂಡು ಜಾರಲೇಬೇಕು. ‘ಸ್ಕಿಡ್’ ಎಂಬ ಹೆಸರು ಬಂದದ್ದೇ ಅದರಿಂದ. ಘರ್ಷಣಾ ಬಲ ಚಕ್ರದ ಮೇಲೆ ಬೀಳುವ ತೂಕಕ್ಕೆ ಅನುಪಾತದಲ್ಲಿರುತ್ತದೆ ಎಂದು ನಿಮಗೆ ಗೊತ್ತು. ನಾಲ್ಕೂ ಚಕ್ರಗಳ ಮೇಲೆ ಸಮ ತೂಕ ಬಿದ್ದರೆ ಮುಂದಿನವೂ ಹಿಂದಿನವೂ ಸಮನಾಗಿ ಹಟ ಹಿಡಿಯುತ್ತವೆ, ಯಂತ್ರ ಕುಪ್ಪಳಿಸುತ್ತದೆ. ಪರಿಹಾರವೆಂದರೆ ತೂಕವನ್ನು ಬೇಕೆಂದೇ ಅಸಮವಾಗಿ ಹಂಚುವುದು. ಬಕೆಟ್ ಬರಿದಾಗಿದ್ದಾಗ ಸುಮಾರು ಶೇ. 70ರಷ್ಟು ತೂಕ ಹಿಂದಿನ ಅಚ್ಚಿನ ಮೇಲೆ. ಬಕೆಟ್ ತುಂಬಿದಾಗ ಲೆಕ್ಕ ಅದಲುಬದಲಾಗಿ ಸುಮಾರು ಶೇ. 70 ಮುಂದಿನ ಅಚ್ಚಿನ ಮೇಲೆ. ಭಾರದ ಅಚ್ಚು ನೆಲಕ್ಕೆ ಕಚ್ಚಿ ನಿಲ್ಲುತ್ತದೆ, ಹಗುರಾದದ್ದು ಅದರ ಸುತ್ತ ಜಾರುತ್ತದೆ.

ಇದರಿಂದ ಹೊರಡುವ ನಿಯಮವೊಂದು ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸಬಹುದು. ಇಳಿಜಾರಿನಲ್ಲಿ ಭಾರದ ತುದಿ ಯಾವಾಗಲೂ ಏರಿನ ಕಡೆಗಿರಬೇಕು. ಆದ್ದರಿಂದ ತುಂಬಿದ ಲೋಡರ್ ದಿಬ್ಬವನ್ನು ಮುಂದುಮುಂದಾಗಿ ಹತ್ತಬೇಕು, ಬರಿದಾದದ್ದು ಹಿಂದುಹಿಂದಾಗಿ ಹತ್ತಬೇಕು. ನೋಡುವವರಿಗೆ ವಿಚಿತ್ರ, ಗುರುತ್ವ ಕೇಂದ್ರದ ದೃಷ್ಟಿಯಿಂದ ಅದೇ ಸರಿ.

ಹಾಗೆಯೇ ಈ ಯಂತ್ರವನ್ನು ಎಲ್ಲಿ ಕೊಳ್ಳಬಾರದು ಎಂಬುದೂ ಇಲ್ಲೇ ತಿಳಿಯುತ್ತದೆ. ಕಾಂಕ್ರೀಟಿನ ಅಂಗಳ, ಇಕ್ಕಟ್ಟಾದ ಕೊಟ್ಟಿಗೆ, ಗಟ್ಟಿ ಮಣ್ಣು ಇದ್ದಲ್ಲಿ ಇದಕ್ಕೆ ಸಾಟಿಯಿಲ್ಲ. ಮಳೆ ನೆನೆದ ಹುಲ್ಲುಗಾವಲಿನಲ್ಲಿ, ಮರಗಳ ಬೇರು ಹರಡಿದ ಮೆದು ನೆಲದಲ್ಲಿ ಪ್ರತಿ ತಿರುವಿನಲ್ಲೂ ಅದು ನೆಲವನ್ನು ಹರಿದುಹಾಕುತ್ತದೆ. ಸೌದೆ ಸಿಗುವುದು ಹೆಚ್ಚಾಗಿ ಎರಡನೆಯ ಬಗೆಯ ನೆಲದಲ್ಲಿ.

ಬಲಕ್ಕೆ ಬರವಿಲ್ಲ

ಎತ್ತುವ ಶಕ್ತಿಯ ಬಗ್ಗೆ ನಾನು ಇನ್ನೂ ಏನೂ ಹೇಳಿಲ್ಲ. ಹೇಳುವುದು ಹೆಚ್ಚೇನಿಲ್ಲ. ಪ್ಯಾಸ್ಕಲನ ನಿಯಮವನ್ನು ಆಧರಿಸಿ ಜೋಸೆಫ್ ಬ್ರಾಮಾ 1795ರಲ್ಲೇ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದಿದ್ದ. 5 ಸೆಂ.ಮೀ. ಒಳವ್ಯಾಸದ ಸಿಲಿಂಡರಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 19.6 ಚ.ಸೆಂ.ಮೀ. ಎಣ್ಣೆಯ ಒತ್ತಡ ಪ್ರತಿ ಚ.ಸೆಂ.ಮೀ.ಗೆ 200 ಕಿ.ಗ್ರಾಂ. ಇದ್ದರೆ ಹೊರಬರುವ ಬಲ ಸುಮಾರು 3.9 ಟನ್. ತೋಳಿನ ಸನ್ನೆಯಲ್ಲಿ ಇದರ ಬಹುಭಾಗ ಖರ್ಚಾದರೂ, ಯಂತ್ರ ತನ್ನನ್ನೇ ಮುಗ್ಗರಿಸಿಕೊಳ್ಳುವಷ್ಟು ಬಲ ಉಳಿಯುತ್ತದೆ. ಬಲಕ್ಕೆ ಬರವಿಲ್ಲ, ಬರ ಇರುವುದು ಹಿಂದಿನ ತೂಕಕ್ಕೆ.

ಲೆಕ್ಕ ಮಾಡಲು ಒಂದು ಯಂತ್ರವನ್ನು ಕಲ್ಪಿಸಿಕೊಳ್ಳಿ. ತೂಕ 1200 ಕಿ.ಗ್ರಾಂ., ಗುರುತ್ವ ಕೇಂದ್ರ ಮುಂದಿನ ಅಚ್ಚಿನಿಂದ 0.6 ಮೀ. ಹಿಂದೆ. ಗುಣಲಬ್ಧ 720. ಬಕೆಟ್ಟಿನ ಭಾರ ಅಚ್ಚಿನಿಂದ 0.9 ಮೀ. ಮುಂದಿದ್ದರೆ 800 ಕಿ.ಗ್ರಾಂ. ತುಂಬಿದಾಗ ಹಿಂದಿನ ಚಕ್ರ ನೆಲ ಬಿಡುತ್ತದೆ. ಇದನ್ನು ಮಗುಚುಭಾರ ಎನ್ನೋಣ. ಚಕ್ರದ ಸ್ಕಿಡ್-ಸ್ಟೀರ್‌ಗಳಿಗೆ ಇದರ ಅರ್ಧವನ್ನು ಮಾತ್ರ ಕೆಲಸದ ಭಾರವೆಂದು ನಮೂದಿಸುವುದು ರೂಢಿ: 400 ಕಿ.ಗ್ರಾಂ. ನಮ್ಮ ದಿಮ್ಮಿ 300. ಸುಲಭವಾಯಿತಲ್ಲ ಎನ್ನುವಿರಾ? ದಿಮ್ಮಿ ಬಕೆಟ್ಟಿನಲ್ಲಿ ಹಿಡಿಸುವುದಿಲ್ಲ, ಉದ್ದನೆಯ ಕವೆಗೋಲು ಹಾಕಬೇಕು. ಆಗ ಭಾರ 1.2 ಮೀ. ಮುಂದಕ್ಕೆ ಸರಿಯುತ್ತದೆ. ಮಗುಚುಭಾರ 600ಕ್ಕೆ, ಕೆಲಸದ ಭಾರ 300ಕ್ಕೆ ಇಳಿಯುತ್ತದೆ. ಉಳಿಕೆ ಏನೂ ಇಲ್ಲ. ನೆಲ ಸ್ವಲ್ಪ ಇಳಿಜಾರಾಗಿದ್ದರೆ, ದಿಮ್ಮಿ ಇನ್ನೂ ಒಂದಿಷ್ಟು ದಪ್ಪವಾಗಿದ್ದರೆ ಮಿತಿ ದಾಟಿದಂತೆಯೇ.

ಇನ್ನೊಂದು ಮಾತು. ತೋಳುಗಳು ವೃತ್ತಾಕಾರದಲ್ಲಿ ಏಳುವ ಯಂತ್ರಗಳಲ್ಲಿ ಬಕೆಟ್ ಅತ್ಯಂತ ಮುಂದಕ್ಕೆ ಚಾಚುವುದು ತೋಳು ಅಡ್ಡಕ್ಕೆ ಬಂದಾಗ. ನೆಲದಿಂದ ಸಲೀಸಾಗಿ ಎದ್ದ ಭಾರ ಎದೆಯೆತ್ತರಕ್ಕೆ ಬಂದಾಗ ಯಂತ್ರವನ್ನು ಮುಗ್ಗರಿಸಬಹುದು. ಆಟಿಕೆ ಲಾರಿಯ ಮುಂಭಾಗಕ್ಕೆ ಅಳತೆಪಟ್ಟಿ ಕಟ್ಟಿ, ನಾಣ್ಯಗಳನ್ನು ಬೇರೆಬೇರೆ ದೂರದಲ್ಲಿಟ್ಟು ಇದನ್ನು ತರಗತಿಯಲ್ಲಿ ತೋರಿಸಲು ಐದು ನಿಮಿಷ ಸಾಕು.

ಟ್ರಾಕ್ಟರಿಗೆ ತೋಳು

ಸಣ್ಣ ಹಿಡುವಳಿಗೆ ಇನ್ನೊಂದು ಆಯ್ಕೆ ಪುಟ್ಟ ಟ್ರಾಕ್ಟರಿನ ಮುಂದೆ ತೋಳು ಕಟ್ಟುವುದು. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ, ಉಪಕರಣವನ್ನು ಹೈಡ್ರಾಲಿಕ್ ಬಲದಿಂದ ಎತ್ತುವ ಮೂರು ಬಿಂದುಗಳ ಕೊಂಡಿ 1939ರ ಫೋರ್ಡ್ 9ಎನ್ ಟ್ರಾಕ್ಟರಿನೊಂದಿಗೆ ಮನೆಮಾತಾಯಿತು. ನಮ್ಮ ಟ್ರಾಕ್ಟರುಗಳ ಹಿಂದೆ ನೇಗಿಲು ಕಟ್ಟುವ ಕೊಂಡಿ ಅದೇ. ಎಂಜಿನ್ನಿನ ಹೈಡ್ರಾಲಿಕ್ ಪಂಪು ಸಿಕ್ಕ ಮೇಲೆ ಮುಂದೆಯೂ ತೋಳು ಬರುವುದು ಕಷ್ಟವಾಗಲಿಲ್ಲ. ಜಪಾನಿನ ಕುಬೋಟ ಕಂಪನಿ ಭತ್ತದ ಸಣ್ಣ ಗದ್ದೆಗಳ ಅನುಭವದಿಂದ ತಯಾರಿಸಿದ 21 ಅಶ್ವಶಕ್ತಿಯ ಎಲ್-200 ಟ್ರಾಕ್ಟರನ್ನು 1969ರಲ್ಲಿ ಅಮೆರಿಕಕ್ಕೆ ಕಳುಹಿಸಿತು. ದೊಡ್ಡ ಟ್ರಾಕ್ಟರುಗಳ ಆ ನಾಡಿನಲ್ಲಿ ಐದು-ಹತ್ತು ಎಕರೆಯವರಿಗೂ ಯಂತ್ರ ಬೇಕಾಗಿತ್ತು ಎಂಬುದು ಆಗಲೇ ಸ್ಪಷ್ಟವಾದದ್ದು. (ಜಪಾನಿನದೇ ಮಿತ್ಸುಬಿಷಿಯ ಸಹಯೋಗದಲ್ಲಿ 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿ.ಎಸ್.ಟಿ. ಕಾರ್ಖಾನೆಯ ಪವರ್ ಟಿಲ್ಲರ್ ನಮ್ಮ ಗದ್ದೆ ತೋಟಗಳಿಗೆ ಬಂತು. ಅದು ಟ್ರೇಲರನ್ನು ಚೆನ್ನಾಗಿ ಎಳೆಯುತ್ತದೆ, ಆದರೆ ಎತ್ತುವುದಿಲ್ಲ. ತುಂಬುವುದು ಈಗಲೂ ಬುಟ್ಟಿ ಹೊತ್ತ ತಲೆಗಳೇ.)

ಟ್ರಾಕ್ಟರ್ ಎಳೆಯಲು ಹುಟ್ಟಿದ ಯಂತ್ರ. ಅದರ ಬಲವೆಲ್ಲ ಹಿಂದಿನ ದೊಡ್ಡ ಚಕ್ರಗಳಲ್ಲಿದೆ. ಮುಂದೆ ಭಾರ ಎತ್ತಿದಾಗ ಆಗುವುದನ್ನು ನೋಡಿ. ಅಚ್ಚುಗಳ ನಡುವಿನ ಅಂತರ 1.6 ಮೀ., ದಿಮ್ಮಿ ಮುಂದಿನ ಅಚ್ಚಿನಿಂದ 1.2 ಮೀ. ಮುಂದೆ ಎನ್ನಿ. 300 ಕಿ.ಗ್ರಾಂ. ದಿಮ್ಮಿ ಮುಂದಿನ ಅಚ್ಚಿನ ಮೇಲೆ 300 ಅಲ್ಲ, 525 ಕಿ.ಗ್ರಾಂ. ಹೇರುತ್ತದೆ. ಹೆಚ್ಚಿನ 225 ಕಿ.ಗ್ರಾಂ. ಬಂದದ್ದು ಹಿಂದಿನ ಚಕ್ರಗಳಿಂದ. ಅನೇಕ ಸಣ್ಣ ಟ್ರಾಕ್ಟರುಗಳಲ್ಲಿ ಬ್ರೇಕು ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಹಗುರಾದ ಚಕ್ರಕ್ಕೆ ಬ್ರೇಕು ಹಾಕಿದರೆ ಅದು ಜಾರುತ್ತದೆ, ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ದಿಮ್ಮಿ ಹೊತ್ತು ಇಳಿಯುವ ಟ್ರಾಕ್ಟರ್ ಕೈಮೀರುವುದು ಹೀಗೆ. ಫರ್ಗ್ಯುಸನ್ನನ ಕೊಂಡಿಗೆ 250 ಕಿ.ಗ್ರಾಂ. ಕಾಂಕ್ರೀಟ್ ದಿಂಡನ್ನು ಹಿಂದಿನ ಅಚ್ಚಿನಿಂದ 0.9 ಮೀ. ಹಿಂದಕ್ಕೆ ತೂಗುಹಾಕಿದರೆ ಮುಂದಿನ ಅಚ್ಚಿನ ಹೊರೆ ಸುಮಾರು 140 ಕಿ.ಗ್ರಾಂ. ಇಳಿದು, ಹಿಂದಿನ ಚಕ್ರಗಳಿಗೆ 390 ಕಿ.ಗ್ರಾಂ. ಸೇರುತ್ತದೆ. ಏತದ ಆಳು ಮತ್ತೆ ಮರ ಹತ್ತಿದಂತೆ. ಕೊಳ್ಳುವವರು ಇದನ್ನು ಬೇಕಿದ್ದರೆ ಆಯಿತು ಎಂಬ ಸಾಮಾನೆಂದು ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದಿಲ್ಲದ ಟ್ರಾಕ್ಟರ್ ಲೋಡರ್ ಅರ್ಧ ಯಂತ್ರ.

ಸಾಮಾನ್ಯ ಟ್ರಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದೇ ಗೂಟದ ಮೇಲೆ ತೂಗಾಡುತ್ತದೆ. ನಾಲ್ಕು ಚಕ್ರವಿದ್ದರೂ ಪಕ್ಕಕ್ಕೆ ಉರುಳುವ ವಿಷಯದಲ್ಲಿ ಮೊದಮೊದಲು ಅದು ಮೂರು ಕಾಲಿನ ಮಣೆಯಂತೆಯೇ ವರ್ತಿಸುತ್ತದೆ. ಭಾರವನ್ನು ಮೇಲೆತ್ತಿಕೊಂಡು ಓಡಿಸಬಾರದು ಎನ್ನುವುದು ಇದಕ್ಕೆ. ಕಂಪನಿಗಳ ಕೈಪಿಡಿಗಳನ್ನು ಹೋಲಿಸುವಾಗಲೂ ಎಚ್ಚರ ಬೇಕು. ಸ್ಕಿಡ್-ಸ್ಟೀರ್‌ಗೆ ಬರೆಯುವುದು ಮಗುಚುಭಾರದ ಅರ್ಧ. ಟ್ರಾಕ್ಟರ್ ತೋಳಿಗೆ ಬರೆಯುವುದು ಸಾಮಾನ್ಯವಾಗಿ ತೋಳಿನ ತುದಿಯ ಗೂಟದ ಬಳಿ ಹೈಡ್ರಾಲಿಕ್ ಎಷ್ಟು ಎತ್ತಬಲ್ಲದು ಎಂಬುದನ್ನು. ಎರಡೂ ‘500 ಕಿ.ಗ್ರಾಂ.’ ಎಂದಿದ್ದರೂ ಎರಡರ ಅರ್ಥ ಒಂದೇ ಅಲ್ಲ.

ಕಲಿತ ಪಾಠಕ್ಕೆ ತೆತ್ತ ಬೆಲೆ

ಈ ಲೆಕ್ಕಗಳನ್ನು ಜನ ಪುಸ್ತಕದಿಂದಷ್ಟೇ ಕಲಿಯಲಿಲ್ಲ. ಮಗುಚಿದ ಟ್ರಾಕ್ಟರುಗಳ ಕೆಳಗೆ ಸಿಕ್ಕಿ ಸತ್ತ ರೈತರ ಸಂಖ್ಯೆ ಹೆಚ್ಚಿದಾಗ ಸ್ವೀಡನ್ 1959ರಿಂದ ಹೊಸ ಟ್ರಾಕ್ಟರುಗಳಿಗೆಲ್ಲ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು. ಸಾವುಗಳು ತೀವ್ರವಾಗಿ ಇಳಿದವು. ಸ್ಕಿಡ್-ಸ್ಟೀರ್‌ನ ಅಪಾಯ ಬೇರೆ ಬಗೆಯದು. ಅದರ ತೋಳುಗಳು ಚಾಲಕನ ಎರಡೂ ಮಗ್ಗುಲಲ್ಲಿ ಏಳುತ್ತವೆ; ಹೆಚ್ಚಿನವುಗಳಲ್ಲಿ ಹತ್ತುವ ದಾರಿ ಮುಂದಿನಿಂದ, ಬಕೆಟ್ ದಾಟಿಕೊಂಡು. ಎತ್ತಿದ ತೋಳಿನಡಿ ಇಳಿಯಲು ಹೋದವರು, ಪಕ್ಕಕ್ಕೆ ತಲೆ ಹಾಕಿದವರು ತೋಳಿಗೂ ಚೌಕಟ್ಟಿಗೂ ನಡುವೆ ಸಿಕ್ಕಿ ಸತ್ತರು. ಅಮೆರಿಕದ ರಾಷ್ಟ್ರೀಯ ವೃತ್ತಿ ಸುರಕ್ಷೆ ಮತ್ತು ಆರೋಗ್ಯ ಸಂಸ್ಥೆ 1998ರಲ್ಲಿ ಇದರ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆಯ ಪತ್ರ ಹೊರಡಿಸಿತು. ಚಾಲಕ ಕುಳಿತು ಮಡಿಲ ಮೇಲಿನ ಸರಳನ್ನು ಇಳಿಸದ ಹೊರತು ತೋಳು ಅಲುಗದಂತೆ ತಡೆಯುವ ಬೀಗ ಬಂದದ್ದು ಇಂಥ ಸಾವುಗಳಿಂದಾಗಿ. ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಮೊದಲು ನೋಡಬೇಕಾದದ್ದು ಎಂಜಿನ್ನನ್ನಲ್ಲ, ಆ ಬೀಗವನ್ನು ಯಾರಾದರೂ ತಂತಿ ಸುತ್ತಿ ಕೆಡಿಸಿದ್ದಾರೆಯೇ ಎಂಬುದನ್ನು.

ಮೂರನೆಯ ದಾರಿ ಫಿನ್ಲೆಂಡಿನಿಂದ ಬಂತು. ಅಲ್ಲಿಯ ಯ್ಲೋಯಾರ್ವಿಯಲ್ಲಿ 1991ರಲ್ಲಿ ಆರಂಭವಾದ ಅವಾಂಟ್ ಕಂಪನಿ ನಡುವೆ ಮುರಿದು ಬಾಗುವ ಪುಟ್ಟ ಲೋಡರ್‌ಗಳಿಗೆ ಹೆಸರಾಗಿದೆ. ಇರುವೆಯ ನಡುವಿನಂತೆ ಮುಂದಿನ ಅರ್ಧ ಒಂದು ಕಡೆ, ಹಿಂದಿನ ಅರ್ಧ ಇನ್ನೊಂದು ಕಡೆ ಬಾಗುವುದರಿಂದ ಹಿಂದಿನ ಚಕ್ರಗಳು ಮುಂದಿನವುಗಳ ಜಾಡಿನಲ್ಲೇ ಉರುಳುತ್ತವೆ, ನೆಲವನ್ನು ಉಜ್ಜುವುದಿಲ್ಲ. ಹುಲ್ಲುನೆಲ, ತೋಟ, ಕಾಡಂಚಿನ ಸೌದೆಗೆ ಇದು ಒಗ್ಗುವ ಗುಣ. ಆದರೆ ಪೂರ್ತಿ ಬಾಗಿದಾಗ ಹಿಂದಿನ ತೂಕ ನೇರ ಹಿಂದೆ ಇರದೆ ಪಕ್ಕಕ್ಕೆ ಸರಿದಿರುತ್ತದೆ, ಮಗುಚುಭಾರ ಕಡಿಮೆಯಾಗುತ್ತದೆ. ಬೆಲೆಯೂ ಹೆಚ್ಚು.

ಲೂಯಿಸ್ 2010ರಲ್ಲಿ, ಸಿರಿಲ್ 2020ರಲ್ಲಿ ತೀರಿಕೊಂಡರು. 2014ರ ವೇಳೆಗೆ ಬಾಬ್‌ಕ್ಯಾಟ್ ಕಂಪನಿ ಹತ್ತು ಲಕ್ಷದ ಲೋಡರನ್ನು ತಯಾರಿಸಿತ್ತು. 2023ರಲ್ಲಿ ಸೋದರರಿಬ್ಬರ ಹೆಸರೂ ಅಮೆರಿಕದ ಆವಿಷ್ಕಾರಕರ ರಾಷ್ಟ್ರೀಯ ಗೌರವ ಪಟ್ಟಿಗೆ ಸೇರಿತು. ಅದಕ್ಕೆ ಒಂದು ವರ್ಷ ಮೊದಲು, 2022ರಲ್ಲಿ, ಅದೇ ಕಂಪನಿ ಡೀಸೆಲ್ ಎಂಜಿನ್ನನ್ನೂ ಹೈಡ್ರಾಲಿಕ್ ಎಣ್ಣೆಯನ್ನೂ ಬಿಟ್ಟು ಬ್ಯಾಟರಿ ಮತ್ತು ವಿದ್ಯುತ್ ಮೋಟರುಗಳಿಂದಲೇ ನಡೆಯುವ ಟಿ7ಎಕ್ಸ್ ಎಂಬ, ಪಟ್ಟಿಗಳ ಮೇಲೆ ಓಡುವ ಲೋಡರನ್ನು ಪ್ರದರ್ಶಿಸಿತು. ಬ್ಯಾಟರಿ ಭಾರ ಎಂಬುದು ವಿದ್ಯುತ್ ಕಾರಿಗೆ ಕುಂದು. ಎತ್ತುವ ಯಂತ್ರಕ್ಕೆ ಹಾಗಲ್ಲ. ಗೋದಾಮುಗಳ ವಿದ್ಯುತ್ ಫೋರ್ಕ್‌ಲಿಫ್ಟ್ ಎಲ್ಲಾದರೂ ಕಂಡರೆ ಅದರ ಮೇಲಿನ ಲೋಹದ ಫಲಕವನ್ನು ಓದಿ ನೋಡಿ. ಬ್ಯಾಟರಿ ಇಂತಿಷ್ಟು ಕಿ.ಗ್ರಾಂ.ಗಿಂತ ಹಗುರವಾಗಿರಕೂಡದು ಎಂದು ಅಲ್ಲಿ ನಮೂದಿಸಿರುತ್ತಾರೆ.